‘ಇಲ್ಲೇ ಹತ್ತಿರ ತಾನೇ?’ ಎಂದು ಹೆಲ್ಮೆಟ್ ಬಿಟ್ಟು ಹೊರಡುವ ಮುನ್ನ ಇದನ್ನು ಓದಿ: ಗ್ರಾಂಟ್ ರೋಡ್‌ನಂತಹ ರಸ್ತೆಗಳಲ್ಲಿ ಸುರಕ್ಷಿತ ಚಾಲನೆ ಹೇಗೆ?

ಮುಂಬೈ: ನಾನಾ ಚೌಕ್‌ನಿಂದ ಗ್ರಾಂಟ್ ರೋಡ್ ಸ್ಟೇಷನ್‌ಗೆ ನಡೆದುಕೊಂಡು ಹೋದರೂ ಹತ್ತು ನಿಮಿಷ ಬೇಡ. ಸೇತುವೆ ದಾಟಿ ಲ್ಯಾಮಿಂಗ್ಟನ್ ರೋಡ್‌ಗೆ ಹೋಗಿ ಮೊಬೈಲ್ ರಿಪೇರಿ ಮಾಡಿಸಿಕೊಂಡು ಬರುವುದಿರಲಿ, ಭಾಜಿ ಗಲ್ಲಿಯಿಂದ ತರಕಾರಿ ತರುವುದಿರಲಿ, ಬೈಕ್‌ನಲ್ಲಿ ಎಲ್ಲವೂ ನಿಮಿಷಗಳ ಲೆಕ್ಕ. ಇಂತಹ ಸಣ್ಣ ಪ್ರಯಾಣಗಳಲ್ಲೇ ಹೆಲ್ಮೆಟ್ ಹ್ಯಾಂಡಲ್‌ಗೆ ನೇತಾಡುತ್ತದೆ, ಹಿಂದೆ ಕುಳಿತವರ ತಲೆ ಬರಿದಾಗಿರುತ್ತದೆ, ಕಾರಿನ ಹಿಂದಿನ ಸೀಟ್‌ನ ಬೆಲ್ಟ್ ಸೀಟಿನ ಸಂದಿಯಲ್ಲೇ ಉಳಿಯುತ್ತದೆ. ಕೇಳಿದರೆ ಸಿಗುವ ಉತ್ತರ ಒಂದೇ: ‘ಇಲ್ಲೇ ಹತ್ತಿರ ತಾನೇ?’

ಬೆಂಗಳೂರಿನ ಮೆಜೆಸ್ಟಿಕ್, ಮಂಗಳೂರಿನ ಹಂಪನಕಟ್ಟೆ, ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲೂ ಕೇಳಿಬರುವ ಮಾತು ಇದೇ. ಹೆದ್ದಾರಿಯಲ್ಲಿ ವೇಗ ಜಾಸ್ತಿ, ಅಪಾಯವೂ ಜಾಸ್ತಿ. ಊರೊಳಗೆ ಟ್ರಾಫಿಕ್ ಇರುವುದರಿಂದ ವೇಗವೇ ಇಲ್ಲ, ಹೀಗಾಗಿ ಅಪಾಯವೂ ಇಲ್ಲ ಎಂಬುದು ಬಹುತೇಕರ ನಂಬಿಕೆ. ಈ ನಂಬಿಕೆ ಎಷ್ಟು ಸರಿ? ಮನೆ ಹತ್ತಿರದ ಜನದಟ್ಟಣೆಯ ರಸ್ತೆಯಲ್ಲಿ ಕಾರು ಅಥವಾ ಬೈಕ್ ಓಡಿಸುವವರು ಏನೇನು ಗಮನಿಸಬೇಕು? ಕಾನೂನು ಏನು ಹೇಳುತ್ತದೆ? ಇಲ್ಲಿದೆ ವಿವರ.

ಅಂಕಿ-ಅಂಶ ಏನು ಹೇಳುತ್ತದೆ?

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ನಡೆದಿವೆ. ಇವುಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡಿದ್ದಾರೆ. ಅಂದರೆ ದಿನಕ್ಕೆ ಸರಾಸರಿ 460ಕ್ಕೂ ಹೆಚ್ಚು ಸಾವು. ಸತ್ತವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಸುಮಾರು ಐದರಲ್ಲಿ ಒಬ್ಬರು ಪಾದಚಾರಿಗಳು.

ಅದೇ ವರ್ಷ ಮೃತಪಟ್ಟ ದ್ವಿಚಕ್ರ ವಾಹನ ಸವಾರರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸಿರಲಿಲ್ಲ. ಇವರಲ್ಲಿ 14,337 ಜನ ಹಿಂದೆ ಕುಳಿತವರು. ಸೀಟ್ ಬೆಲ್ಟ್ ಧರಿಸದೆ ಮೃತಪಟ್ಟವರ ಸಂಖ್ಯೆ 16,715. ಅವರಲ್ಲಿ ಚಾಲಕರು 8,384 ಇದ್ದರೆ, ಪ್ರಯಾಣಿಕರು 8,331. ಹೆಲ್ಮೆಟ್ ಅಥವಾ ಬೆಲ್ಟ್ ಇದ್ದಿದ್ದರೆ ಇವರೆಲ್ಲರೂ ಬದುಕುತ್ತಿದ್ದರು ಎಂದು ಹೇಳಲಾಗದು. ಆದರೆ ಒಂದು ವಿಷಯ ಸ್ಪಷ್ಟ. ವಾಹನ ಓಡಿಸುವವರಿಗೆ ಇರುವಷ್ಟೇ ಅಪಾಯ, ಸುಮ್ಮನೆ ಕುಳಿತು ಬರುವವರಿಗೂ ಇದೆ.

ಇನ್ನೊಂದು ಮುಖ್ಯ ಅಂಶ ಸಮಯಕ್ಕೆ ಸಂಬಂಧಿಸಿದ್ದು. ಅತಿ ಹೆಚ್ಚು ಅಪಘಾತಗಳು ಸಂಭವಿಸುವುದು ಸಂಜೆ 6ರಿಂದ ರಾತ್ರಿ 9ರ ನಡುವೆ. ಒಟ್ಟು ಅಪಘಾತಗಳಲ್ಲಿ ಸುಮಾರು ಐದನೇ ಒಂದು ಭಾಗ ಈ ಮೂರು ಗಂಟೆಗಳಲ್ಲೇ ನಡೆಯುತ್ತದೆ. ಕಚೇರಿ ಮುಗಿಸಿ ಮನೆಗೆ ಹೊರಡುವ, ಅಂಗಡಿಗೆ ಹೋಗಿಬರುವ, ಮಕ್ಕಳನ್ನು ಟ್ಯೂಷನ್‌ನಿಂದ ಕರೆತರುವ ಹೊತ್ತು ಇದು.

ಸಂಚಾರಿ ವಿಜಯ್ ಪ್ರಕರಣ ನೆನಪಿದೆಯೇ?

ಕನ್ನಡಿಗರು ಮರೆಯಲಾಗದ ಉದಾಹರಣೆಯೊಂದಿದೆ. ‘ನಾನು ಅವನಲ್ಲ ಅವಳು’ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ 2021ರ ಜೂನ್ 12ರ ರಾತ್ರಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಗೆಳೆಯನ ಬೈಕ್‌ನ ಹಿಂದೆ ಕುಳಿತು ಹೋಗುತ್ತಿದ್ದರು. ಬೈಕ್ ಸ್ಕಿಡ್ ಆಗಿ ವಿದ್ಯುತ್ ಕಂಬಕ್ಕೆ ಡಿಕ್ಕಿ ಹೊಡೆಯಿತು. ವಿಜಯ್ ತಲೆಗೆ ತೀವ್ರ ಪೆಟ್ಟಾಯಿತು. ಅವರು ಹೆಲ್ಮೆಟ್ ಧರಿಸಿರಲಿಲ್ಲ ಎಂದು ಆಗ ವರದಿಯಾಗಿತ್ತು. ಮಿದುಳು ನಿಷ್ಕ್ರಿಯಗೊಂಡಿದೆ ಎಂದು ವೈದ್ಯರು ಘೋಷಿಸಿದ ಬಳಿಕ ಕುಟುಂಬದವರು ಅಂಗಾಂಗ ದಾನಕ್ಕೆ ಒಪ್ಪಿದರು. ಆಗ ವಿಜಯ್ ಅವರಿಗೆ 37 ವರ್ಷ.

ಅದು ಹೆದ್ದಾರಿಯಲ್ಲ, ಜನವಸತಿ ಬಡಾವಣೆಯ ರಸ್ತೆ. ಎದುರಿನಿಂದ ಲಾರಿಯೂ ಬಂದಿರಲಿಲ್ಲ.

ಕಾರಿನ ಹಿಂದಿನ ಸೀಟ್ ಬಗ್ಗೆ ದೇಶವೇ ಮಾತನಾಡುವಂತೆ ಮಾಡಿದ್ದು ಟಾಟಾ ಸನ್ಸ್ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಅವರ ಸಾವು. 2022ರ ಸೆಪ್ಟೆಂಬರ್ 4ರಂದು ಮುಂಬೈ-ಅಹಮದಾಬಾದ್ ಹೆದ್ದಾರಿಯಲ್ಲಿ, ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿ ಸೇತುವೆ ಮೇಲೆ ಅವರಿದ್ದ ಕಾರು ಡಿಕ್ಕಿಯಾಯಿತು. ಮುಂದಿನ ಸೀಟ್‌ನಲ್ಲಿದ್ದ ಇಬ್ಬರು ಗಂಭೀರ ಗಾಯಗೊಂಡರೂ ಬದುಕಿದರು. ಹಿಂದಿನ ಸೀಟ್‌ನಲ್ಲಿ ಬೆಲ್ಟ್ ಧರಿಸದೆ ಕುಳಿತಿದ್ದ ಮಿಸ್ತ್ರಿ ಮತ್ತು ಇನ್ನೊಬ್ಬರು ಮೃತಪಟ್ಟರು. ಇದಾದ ಎರಡೇ ತಿಂಗಳಲ್ಲಿ, ಅಂದರೆ 2022ರ ನವೆಂಬರ್ 1ರಿಂದ, ಕಾರಿನಲ್ಲಿರುವ ಎಲ್ಲರೂ ಸೀಟ್ ಬೆಲ್ಟ್ ಧರಿಸಬೇಕೆಂದು ಮುಂಬೈ ಸಂಚಾರ ಪೊಲೀಸರು ಆದೇಶಿಸಿದರು.

30 ಕಿ.ಮೀ. ವೇಗ ನಿಜಕ್ಕೂ ಕಡಿಮೆಯೇ?

ಗಂಟೆಗೆ 30 ಕಿ.ಮೀ. ಎಂದರೆ ಸ್ಪೀಡೋಮೀಟರ್‌ನಲ್ಲಿ ಏನೂ ಅಲ್ಲ ಎನಿಸುತ್ತದೆ. ಆದರೆ ಆ ವೇಗದಲ್ಲಿ ನೀವು ಪ್ರತಿ ಸೆಕೆಂಡಿಗೆ 8 ಮೀಟರ್‌ಗಿಂತ ಹೆಚ್ಚು ಮುಂದೆ ಹೋಗುತ್ತಿರುತ್ತೀರಿ. 30 ಕಿ.ಮೀ. ವೇಗದಲ್ಲಿ ಹೋಗಿ ಗೋಡೆಗೆ ಡಿಕ್ಕಿ ಹೊಡೆಯುವುದು ಸುಮಾರು ಮೂರೂವರೆ ಮೀಟರ್ ಎತ್ತರದಿಂದ ನೆಲಕ್ಕೆ ಬೀಳುವುದಕ್ಕೆ ಸಮ. ಮುಂಬೈ ಚಾಳ್‌ನ ಮೊದಲ ಮಹಡಿಯ ಗ್ಯಾಲರಿಯಿಂದ ತಲೆಕೆಳಗಾಗಿ ಬಿದ್ದಂತೆ. ವೇಗ 50 ಕಿ.ಮೀ.ಗೆ ಏರಿದರೆ ಆ ಎತ್ತರ ಹತ್ತು ಮೀಟರ್ ಹತ್ತಿರಕ್ಕೆ, ಅಂದರೆ ಮೂರನೇ ಮಹಡಿಗೆ ಹೋಗುತ್ತದೆ. ವೇಗ ದುಪ್ಪಟ್ಟಾಗದಿದ್ದರೂ ಪೆಟ್ಟು ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ.

ಬ್ರೇಕ್ ವಿಷಯದಲ್ಲೂ ಇದೇ ಲೆಕ್ಕ. ಅಪಾಯ ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಕನಿಷ್ಠ ಒಂದು ಸೆಕೆಂಡ್ ಕಳೆದಿರುತ್ತದೆ. ಆ ಒಂದು ಸೆಕೆಂಡನ್ನೂ ಸೇರಿಸಿದರೆ, ಒಣ ರಸ್ತೆಯಲ್ಲಿ 30 ಕಿ.ಮೀ. ವೇಗದ ವಾಹನ ಪೂರ್ತಿ ನಿಲ್ಲಲು ಸುಮಾರು 13ರಿಂದ 14 ಮೀಟರ್ ಬೇಕು. 50 ಕಿ.ಮೀ. ವೇಗವಿದ್ದರೆ ಸುಮಾರು 28 ಮೀಟರ್. ಮಳೆಯಲ್ಲಿ ಒದ್ದೆಯಾದ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ ನಿಲ್ಲಲು 38 ಮೀಟರ್‌ನಷ್ಟು ಜಾಗ ಬೇಕಾಗಬಹುದು. ಸ್ಟೇಷನ್ ರಸ್ತೆಯಲ್ಲಿ ನಿಮ್ಮ ಮುಂದೆ ಅಷ್ಟು ಖಾಲಿ ಜಾಗ ಎಂದಾದರೂ ಇರುತ್ತದೆಯೇ?

ಗ್ರಾಂಟ್ ರೋಡ್‌ನಲ್ಲಿ ಅಪಾಯ ಎಲ್ಲಿಂದ ಬರುತ್ತದೆ?

ಪಶ್ಚಿಮ ರೈಲ್ವೆ ಹಳಿ ಗ್ರಾಂಟ್ ರೋಡನ್ನು ಪೂರ್ವ ಮತ್ತು ಪಶ್ಚಿಮ ಎಂದು ಎರಡು ಭಾಗ ಮಾಡುತ್ತದೆ. ವಾಹನಗಳು ಈ ಕಡೆಯಿಂದ ಆ ಕಡೆಗೆ ಹೋಗಲು ಕೆಲವೇ ಸೇತುವೆಗಳಿವೆ. 2018ರ ಜುಲೈ 4ರಂದು, ಅಂಧೇರಿಯ ಗೋಖಲೆ ಸೇತುವೆಯ ಭಾಗ ಕುಸಿದ ಮರುದಿನ, ಗ್ರಾಂಟ್ ರೋಡ್ ಸೇತುವೆಯಲ್ಲೂ ಬಿರುಕು ಕಂಡಿತೆಂದು ಸಂಚಾರ ನಿಲ್ಲಿಸಿದಾಗ ನಾನಾ ಚೌಕ್ ಕಡೆಯ ವಾಹನಗಳನ್ನು ಕೆನಡಿ ಸೇತುವೆಯತ್ತ ತಿರುಗಿಸಬೇಕಾಯಿತು. ಬಸ್, ಟ್ಯಾಕ್ಸಿ, ಟೆಂಪೊ, ಬೈಕ್ ಎಲ್ಲವೂ ಇಷ್ಟೇ ಕಿರಿದಾದ ಜಾಗಕ್ಕೆ ಬಂದು ಸೇರುತ್ತವೆ.

ದ್ವೀಪ ನಗರದ ಈ ಭಾಗದಲ್ಲಿ ಆಟೊರಿಕ್ಷಾ ಓಡುವುದಿಲ್ಲ. ಹಾಗಾಗಿ ಸ್ಟೇಷನ್‌ನಿಂದ ಹೊರಬಂದವರು ಟ್ಯಾಕ್ಸಿ ಇಲ್ಲವೇ ಬೆಸ್ಟ್ ಬಸ್ ಹಿಡಿಯುತ್ತಾರೆ, ಇಲ್ಲವೇ ನಡೆಯುತ್ತಾರೆ. 2025ರ ಅಕ್ಟೋಬರ್‌ನಲ್ಲಿ ಮೆಟ್ರೊ 3ನೇ ಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ಗ್ರಾಂಟ್ ರೋಡ್‌ಗೆ ನೆಲದಡಿಯ ನಿಲ್ದಾಣವೂ ಬಂದಿದೆ. ಒಂದು ರೈಲು ಬಂದು ನಿಂತರೆ ನೂರಾರು ಜನ ಒಟ್ಟಿಗೆ ರಸ್ತೆಗೆ ಬರುತ್ತಾರೆ. ಇಂತಹ ಕಡೆ ಅಪಾಯ ಎದುರಾಗುವುದು ಮುಖ್ಯವಾಗಿ ಐದು ಬಗೆಯಲ್ಲಿ.

1. ಬಸ್ಸಿನ ಮರೆಯಿಂದ ಬರುವ ಪಾದಚಾರಿ: ನಿಂತ ಬಸ್ಸಿನ ಮುಂದಿನಿಂದ ರಸ್ತೆ ದಾಟುವವರು ನಿಮಗೆ ಕಾಣುವುದಿಲ್ಲ, ನೀವೂ ಅವರಿಗೆ ಕಾಣುವುದಿಲ್ಲ. ನಿಂತ ಬಸ್ಸನ್ನು ದಾಟುವಾಗ ತಕ್ಷಣ ನಿಲ್ಲಿಸಬಹುದಾದಷ್ಟು ವೇಗ ಇಳಿಸಿ. ಬೆರಳು ಬ್ರೇಕ್ ಲಿವರ್ ಮೇಲಿರಲಿ.

2. ದಿಢೀರ್ ತೆರೆಯುವ ಬಾಗಿಲು: ಸಾಲಾಗಿ ನಿಂತ ಟ್ಯಾಕ್ಸಿ, ಕಾರುಗಳ ಪಕ್ಕದಲ್ಲೇ ಬೈಕ್ ಓಡಿಸಬೇಡಿ. ಒಂದು ಬಾಗಿಲು ಪೂರ್ತಿ ತೆರೆಯುವಷ್ಟು, ಸುಮಾರು ಒಂದು ಮೀಟರ್ ಅಂತರ ಬಿಡಿ. ಕಾರಿನಲ್ಲಿ ಇರುವವರಿಗೂ ಒಂದು ಸುಲಭ ಉಪಾಯವಿದೆ. ಬಲಗಡೆಯ ಬಾಗಿಲನ್ನು ಎಡಗೈಯಿಂದ ತೆರೆಯಿರಿ. ಆಗ ದೇಹ ತಾನಾಗಿ ಹಿಂದಕ್ಕೆ ತಿರುಗುತ್ತದೆ, ಬರುತ್ತಿರುವ ಬೈಕ್ ಕಣ್ಣಿಗೆ ಬೀಳುತ್ತದೆ. ಸಾಧ್ಯವಾದಾಗಲೆಲ್ಲ ಫುಟ್‌ಪಾತ್ ಇರುವ ಎಡಬದಿಯಿಂದಲೇ ಇಳಿಯಿರಿ.

3. ಬಸ್ಸಿನ ಎಡಬದಿ: ತಿರುವಿನಲ್ಲಿ ಬಸ್ ಮತ್ತು ಫುಟ್‌ಪಾತ್ ನಡುವೆ ನುಗ್ಗುವುದು ಬೈಕ್ ಸವಾರರು ಮಾಡುವ ಅತ್ಯಂತ ಅಪಾಯಕಾರಿ ಕೆಲಸ. ಬಸ್ ಎಡಕ್ಕೆ ತಿರುಗುವಾಗ ಅದರ ಹಿಂಚಕ್ರ, ಮುಂಚಕ್ರ ಹೋದ ದಾರಿಯಲ್ಲೇ ಹೋಗುವುದಿಲ್ಲ. ಇನ್ನಷ್ಟು ಒಳಕ್ಕೆ ಬರುತ್ತದೆ. ಬಸ್ಸಿನ ಕನ್ನಡಿಯಲ್ಲಿ ಚಾಲಕರ ಮುಖ ನಿಮಗೆ ಕಾಣದಿದ್ದರೆ, ನೀವೂ ಅವರಿಗೆ ಕಾಣುತ್ತಿಲ್ಲ ಎಂದೇ ತಿಳಿಯಿರಿ.

4. ರಾಂಗ್ ಸೈಡ್: ಏಕಮುಖ ಗಲ್ಲಿಯಲ್ಲಿ ‘ಐವತ್ತೇ ಹೆಜ್ಜೆ’ ಎಂದು ಎದುರು ದಿಕ್ಕಿನಿಂದ ನುಗ್ಗುವವರು ಹಲವರು. ರಸ್ತೆ ದಾಟುವವರು ವಾಹನ ಬರುವ ದಿಕ್ಕನ್ನಷ್ಟೇ ನೋಡುತ್ತಾರೆ. ಆ ದಿಕ್ಕಿನಿಂದ ನೀವು ಬರಬಹುದೆಂಬ ಊಹೆಯೂ ಅವರಿಗಿರುವುದಿಲ್ಲ. ಇದು ದಂಡದ ಪ್ರಶ್ನೆ ಮಾತ್ರವಲ್ಲ. ಇಂತಹ ಚಾಲನೆ ಇತರರ ಜೀವಕ್ಕೆ ಅಪಾಯ ತರುವಂತಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 281ರ ಅಡಿ ಪ್ರಕರಣ ದಾಖಲಾಗಬಹುದು. ಆರು ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ.

5. ಹೋಗಬಾರದ ರಸ್ತೆ: ಗ್ರಾಂಟ್ ರೋಡ್ ಪೂರ್ವದಿಂದ ದಕ್ಷಿಣಕ್ಕೆ ಹೋಗುವ ಬೈಕ್ ಸವಾರರು ಗಮನಿಸಬೇಕಾದದ್ದು: ಜೆ.ಜೆ. ಫ್ಲೈಓವರ್‌ನಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಕೋಸ್ಟಲ್ ರೋಡ್, ಬಾಂದ್ರಾ-ವರ್ಲಿ ಸೀ ಲಿಂಕ್‌ನಲ್ಲೂ ನಿಷೇಧವಿದೆ. ಮ್ಯಾಪ್ ತೋರಿಸಿತೆಂದು ಮೇಲೆ ಹತ್ತಿ, ಪೊಲೀಸರನ್ನು ಕಂಡು ಅಲ್ಲೇ ಯು-ಟರ್ನ್ ಹೊಡೆಯುವುದು ಜೀವಕ್ಕೇ ಕುತ್ತು. ಮ್ಯಾಪ್‌ನಲ್ಲಿ ಕಾರಿನ ಬದಲು ಬೈಕ್ ಗುರುತನ್ನು ಆಯ್ಕೆ ಮಾಡಿಕೊಳ್ಳಿ, ದಾರಿಯ ಬೋರ್ಡ್‌ಗಳನ್ನೂ ನೋಡಿ.

ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೇ?

ಹೌದು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 129ರ ಪ್ರಕಾರ ನಾಲ್ಕು ವರ್ಷ ಮೇಲ್ಪಟ್ಟ ಪ್ರತಿಯೊಬ್ಬರೂ ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ ಧರಿಸಬೇಕು. ಪೇಟ ಧರಿಸುವ ಸಿಖ್ಖರಿಗೆ ವಿನಾಯಿತಿ ಇದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಎಂಬ ನಿಯಮ 2016ರ ಜನವರಿಯಲ್ಲೇ ಜಾರಿಗೆ ಬಂದಿತು. ಮುಂಬೈ ಸಂಚಾರ ಪೊಲೀಸರು 2022ರ ಮೇ 25ರಂದು ಸೂಚನೆ ಹೊರಡಿಸಿ, 15 ದಿನಗಳ ಗಡುವಿನ ನಂತರ ಜೂನ್‌ನಿಂದ ಕಟ್ಟುನಿಟ್ಟಾಗಿ ದಂಡ ಹಾಕಲು ಆರಂಭಿಸಿದರು.

ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಬೇರೆಯೇ ನಿಯಮವಿದೆ. 2023ರ ಫೆಬ್ರವರಿಯಿಂದ ಜಾರಿಯಲ್ಲಿರುವ ಈ ನಿಯಮದಂತೆ ಮಗುವಿಗೆ ಅದರ ತಲೆಗೆ ಹೊಂದುವ ಹೆಲ್ಮೆಟ್ ಇರಬೇಕು. ಮಗುವನ್ನು ಸವಾರರಿಗೆ ಜೋಡಿಸಿಡುವ ಸುರಕ್ಷತಾ ಪಟ್ಟಿಯನ್ನೂ ಕಟ್ಟಬೇಕು. ಬೈಕ್ ವೇಗ 40 ಕಿ.ಮೀ. ಮೀರುವಂತಿಲ್ಲ. ಮಗುವನ್ನು ಟ್ಯಾಂಕ್ ಮೇಲೆ ಕೂರಿಸಿಕೊಂಡು ಹೋಗುವುದು ನಮ್ಮಲ್ಲಿ ಮುದ್ದಿನ ವಿಷಯ. ಆದರೆ ಜೋರಾಗಿ ಬ್ರೇಕ್ ಹಾಕಿದರೆ ಮೊದಲು ಹ್ಯಾಂಡಲ್‌ಗೆ ಬಡಿಯುವುದು ಅದೇ ಮಗು.

ಹೆಲ್ಮೆಟ್ ಎಷ್ಟರ ಮಟ್ಟಿಗೆ ಕಾಪಾಡುತ್ತದೆ? ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಪರಾಮರ್ಶೆಯ ಪ್ರಕಾರ, ಹೆಲ್ಮೆಟ್ ಧರಿಸಿದವರಲ್ಲಿ ಸಾವಿನ ಅಪಾಯ ಸುಮಾರು ಶೇ 42ರಷ್ಟು, ತಲೆಗೆ ಗಾಯವಾಗುವ ಅಪಾಯ ಸುಮಾರು ಶೇ 69ರಷ್ಟು ಕಡಿಮೆ.

ಎಂತಹ ಹೆಲ್ಮೆಟ್ ಕೊಳ್ಳಬೇಕು?

* ಐಎಸ್‌ಐ ಗುರುತು ಇರಲಿ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ವಾಹನ ಹೆಲ್ಮೆಟ್ ಮಾರುವುದೇ ಅಪರಾಧ. ಫುಟ್‌ಪಾತ್‌ನಲ್ಲಿ ಅಗ್ಗಕ್ಕೆ ಸಿಗುವ ಟೋಪಿಯಂತಹ ಹೆಲ್ಮೆಟ್ ಪೊಲೀಸರ ಕಣ್ಣಿಗಷ್ಟೇ, ತಲೆಗಲ್ಲ.
* ಒಳಗಿನ ಥರ್ಮಾಕೋಲ್‌ನಂತಹ ದಪ್ಪ ಪದರವೇ ನಿಜವಾದ ರಕ್ಷಣೆ. ಪೆಟ್ಟು ಬಿದ್ದಾಗ ಅದು ತಾನು ಕುಗ್ಗಿ ಹೊಡೆತವನ್ನು ಹೀರಿಕೊಳ್ಳುತ್ತದೆ. ಒಮ್ಮೆ ಕುಗ್ಗಿದರೆ ಮತ್ತೆ ಮೊದಲಿನಂತಾಗದು. ಅಪಘಾತದಲ್ಲಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ.
* ಧರಿಸಿ ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು, ತಾನೊಂದೇ ಅಲುಗಾಡಬಾರದು.
* ಗಲ್ಲದ ಪಟ್ಟಿ ಹಾಕದ ಹೆಲ್ಮೆಟ್ ಮೊದಲ ಹೊಡೆತಕ್ಕೇ ಹಾರಿಹೋಗುತ್ತದೆ. ಪಟ್ಟಿ ಹಾಗೂ ಗಲ್ಲದ ನಡುವೆ ಎರಡು ಬೆರಳಿನಷ್ಟು ಜಾಗವಿದ್ದರೆ ಸಾಕು.
* ಮನೆಯಲ್ಲಿ ಎರಡನೇ ಹೆಲ್ಮೆಟ್ ಇರಲಿ. ಅದಿಲ್ಲ ಎಂಬುದೇ ಹಿಂದೆ ಕೂರುವವರು ಬರಿದಲೆಯಲ್ಲಿ ಹೊರಡಲು ದೊಡ್ಡ ಕಾರಣ.

ಹಿಂದೆ ಕೂರುವವರು ಎರಡೂ ಕಾಲು ಒಂದೇ ಬದಿಗೆ ಹಾಕಿ ಕೂರುವುದಾದರೆ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿಯಬೇಕು. ಬೈಕ್‌ನಲ್ಲಿ ಸೀರೆ ಗಾರ್ಡ್ ಇರಲೇಬೇಕು. ಸೆರಗು, ದುಪಟ್ಟಾ, ಮಳೆಕೋಟಿನ ತುದಿ ಚಕ್ರಕ್ಕೆ ಸಿಗದಂತೆ ಸಿಕ್ಕಿಸಿಕೊಳ್ಳಿ.

ಕಾರಿನ ಹಿಂದಿನ ಸೀಟ್‌ನಲ್ಲಿ ಬೆಲ್ಟ್ ಏಕೆ?

ಕಾರು ಡಿಕ್ಕಿಯಾಗಿ ನಿಂತರೂ ಒಳಗಿರುವವರ ದೇಹ ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತದೆ. ಮುಂದಿನವರನ್ನು ಬೆಲ್ಟ್ ಮತ್ತು ಏರ್‌ಬ್ಯಾಗ್ ಹಿಡಿದು ನಿಲ್ಲಿಸುತ್ತವೆ. ಹಿಂದಿನವರನ್ನು ನಿಲ್ಲಿಸುವುದು ಮುಂದಿನ ಸೀಟು, ಅಂದರೆ ಅಲ್ಲಿ ಕುಳಿತವರ ಬೆನ್ನು. ಬೆಲ್ಟ್ ಧರಿಸದ ಒಬ್ಬ ಹಿಂದಿನ ಪ್ರಯಾಣಿಕ, ಬೆಲ್ಟ್ ಧರಿಸಿದ ಚಾಲಕನ ಪ್ರಾಣಕ್ಕೂ ಅಪಾಯ ತರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಬೆಲ್ಟ್‌ನಿಂದ ಮುಂದಿನ ಸೀಟ್‌ನವರ ಸಾವಿನ ಅಪಾಯ ಶೇ 45ರಿಂದ 50ರಷ್ಟು, ಹಿಂದಿನವರದ್ದು ಶೇ 25ರಷ್ಟು ತಗ್ಗುತ್ತದೆ.

14 ವರ್ಷದೊಳಗಿನ ಮಕ್ಕಳಿಗೂ ಬೆಲ್ಟ್ ಅಥವಾ ಮಕ್ಕಳ ಸೀಟ್ ಇರಲೇಬೇಕು ಎನ್ನುತ್ತದೆ ಕಾಯ್ದೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟ್‌ನಲ್ಲಿ ಕೂರಬೇಡಿ. ಡಿಕ್ಕಿಯ ಕ್ಷಣದಲ್ಲಿ ಯಾವ ತಾಯಿಯ ತೋಳಿಗೂ ಮಗುವನ್ನು ಹಿಡಿದಿಟ್ಟುಕೊಳ್ಳುವ ಬಲ ಸಾಲದು. ಜೊತೆಗೆ ಸ್ಫೋಟಗೊಳ್ಳುವ ಏರ್‌ಬ್ಯಾಗ್ ಮಗುವಿಗೆ ನೇರವಾಗಿ ಬಡಿಯುತ್ತದೆ.

ಮಳೆಗಾಲದಲ್ಲಿ ಏನು ಎಚ್ಚರ?

ಮುಂಬೈನಲ್ಲಾಗಲಿ, ಕರಾವಳಿಯಲ್ಲಾಗಲಿ ಮೊದಲ ಮಳೆಯೇ ಹೆಚ್ಚು ಅಪಾಯಕಾರಿ. ತಿಂಗಳುಗಟ್ಟಲೆ ರಸ್ತೆಯಲ್ಲಿ ಕೂತ ಎಣ್ಣೆ, ದೂಳು ನೀರಿನೊಂದಿಗೆ ಸೇರಿ ಜಾರುಪದರವಾಗುತ್ತದೆ. ಜೀಬ್ರಾ ಕ್ರಾಸಿಂಗ್‌ನ ಬಿಳಿ ಬಣ್ಣ, ಮ್ಯಾನ್‌ಹೋಲ್‌ನ ಕಬ್ಬಿಣದ ಮುಚ್ಚಳ, ಸೇತುವೆಯ ಜೋಡಣೆಯ ಲೋಹದ ಪಟ್ಟಿ, ಸವೆದ ಪೇವರ್ ಬ್ಲಾಕ್ ಇವೆಲ್ಲ ಒದ್ದೆಯಾದಾಗ ಜಾರುತ್ತವೆ. ಇವುಗಳ ಮೇಲೆ ಬೈಕ್ ನೇರವಾಗಿ ಹೋಗಲಿ. ಬಾಗಿಸಬೇಡಿ, ಜೋರಾಗಿ ಬ್ರೇಕ್ ಒತ್ತಬೇಡಿ.

ಬ್ರೇಕ್ ಹಾಕುವುದರಲ್ಲೂ ಒಂದು ತಪ್ಪು ಕಲ್ಪನೆಯಿದೆ. ಮುಂದಿನ ಬ್ರೇಕ್ ಹಾಕಿದರೆ ಬೈಕ್ ಪಲ್ಟಿಯಾಗುತ್ತದೆ ಎಂದು ಹೆದರಿ ಹಲವರು ಹಿಂದಿನ ಬ್ರೇಕ್ ಒಂದನ್ನೇ ತುಳಿಯುತ್ತಾರೆ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುವುದರಿಂದ ವಾಹನವನ್ನು ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನ ಬ್ರೇಕ್‌ನದ್ದೇ. ಹಿಂದಿನದನ್ನು ಮಾತ್ರ ತುಳಿದರೆ ಚಕ್ರ ಲಾಕ್ ಆಗಿ ಬೈಕ್ ಅಡ್ಡಕ್ಕೆ ಜಾರುತ್ತದೆ. ಎರಡನ್ನೂ ಒಟ್ಟಿಗೆ, ಹಂತಹಂತವಾಗಿ ಒತ್ತಿ. ಎಬಿಎಸ್ ಇರುವ ಬೈಕ್ ಆದರೆ ತುರ್ತಿನಲ್ಲಿ ಪೂರ್ತಿ ಒತ್ತಿ ಹಿಡಿಯಿರಿ, ಮಧ್ಯೆ ಬಿಡಬೇಡಿ.

ನೀರು ನಿಂತ ರಸ್ತೆಯಲ್ಲಿ ಗುಂಡಿ ಎಲ್ಲಿದೆ, ತೆರೆದ ಮ್ಯಾನ್‌ಹೋಲ್ ಎಲ್ಲಿದೆ ಎಂದು ಮೇಲಿನಿಂದ ಗೊತ್ತಾಗುವುದಿಲ್ಲ. ಮುಂದೆ ಹೋದ ದೊಡ್ಡ ವಾಹನದ ಚಕ್ರದ ಜಾಡಿನಲ್ಲೇ, ಸಾಕಷ್ಟು ಅಂತರವಿಟ್ಟು ಹೋಗಿ. ನೀರಿನ ಆಳ ತಿಳಿಯದಿದ್ದರೆ ಕಾಯಿರಿ. ಮುಂಬೈ ಪಾಲಿಕೆಯ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1916. ಮಳೆಗಾಲಕ್ಕೆ ಮುಂಚೆ ಟೈರ್ ನೋಡಿಸಿ. ಟೈರ್‌ನ ಗೆರೆಗಳ ನಡುವೆ ಇರುವ ಸಣ್ಣ ಉಬ್ಬುಗಳ ಮಟ್ಟಕ್ಕೆ ರಬ್ಬರ್ ಸವೆದಿದ್ದರೆ ಬದಲಿಸುವ ಕಾಲ ಬಂತೆಂದೇ ಅರ್ಥ.

ರಾತ್ರಿ ಪಾಳಿ ಮುಗಿಸಿ ಹೊರಡುವವರಿಗೆ

ಮುಂಬೈನ ಹೋಟೆಲ್‌ಗಳಲ್ಲಿ ದುಡಿಯುವ ಕನ್ನಡಿಗರ ಸಂಖ್ಯೆ ದೊಡ್ಡದು. ಗಿರಾಕಿಗಳು ಹೋಗಿ, ಲೆಕ್ಕ ಮುಗಿಸಿ, ಶಟರ್ ಎಳೆಯುವಾಗ ಮಧ್ಯರಾತ್ರಿ ದಾಟಿರುತ್ತದೆ. ಹಗಲು ಇಂಚಿಂಚಾಗಿ ಸಾಗುವ ರಸ್ತೆ ಆ ಹೊತ್ತಿಗೆ ಖಾಲಿ. ದಣಿವಿದ್ದರೂ ಬೇಗ ಮನೆ ಸೇರುವ ಆತುರ. ಸಿಗ್ನಲ್ ಯಾರು ನೋಡುತ್ತಾರೆ ಎಂಬ ಉಡಾಫೆ ಎರಡೂ ಕಡೆಯವರಿಗೆ ಇರುತ್ತದೆ ಎಂಬುದನ್ನು ಮರೆಯಬೇಡಿ. ಹಸಿರು ದೀಪ ಇದ್ದರೂ ರಾತ್ರಿ ಜಂಕ್ಷನ್‌ನಲ್ಲಿ ವೇಗ ತಗ್ಗಿಸಿ, ಎರಡೂ ಬದಿ ನೋಡಿ ದಾಟಿ.

ಪದೇಪದೇ ಆಕಳಿಕೆ, ರೆಪ್ಪೆ ಭಾರ, ಕೊನೆಯ ಸಿಗ್ನಲ್ ದಾಟಿದ್ದೇ ನೆನಪಿಲ್ಲದಿರುವುದು ಇವೆಲ್ಲ ನಿದ್ದೆಯ ಸೂಚನೆ. ಕಣ್ಣು ಎರಡು ಸೆಕೆಂಡ್ ಮುಚ್ಚಿದರೂ 50 ಕಿ.ಮೀ. ವೇಗದಲ್ಲಿ 28 ಮೀಟರ್ ಕುರುಡಾಗಿ ಸಾಗಿರುತ್ತೀರಿ. ಕಿಟಕಿ ತೆರೆಯುವುದು, ಹಾಡು ಹಾಕುವುದು ಪರಿಹಾರವಲ್ಲ. ವಾಹನ ಬದಿಗೆ ನಿಲ್ಲಿಸಿ 15-20 ನಿಮಿಷ ಮಲಗುವುದೇ ಪರಿಹಾರ. ರಜೆಗೆ ಮುಂಬೈನಿಂದ ಉಡುಪಿ, ಮಂಗಳೂರಿಗೆ ಕಾರಿನಲ್ಲಿ ಹೊರಡುವವರು ಇಡೀ ದಿನ ದುಡಿದು ಅದೇ ರಾತ್ರಿ ಸ್ಟೇರಿಂಗ್ ಹಿಡಿಯಬೇಡಿ.

ಕುಡಿದಿದ್ದರೆ ಕೀ ಮುಟ್ಟಬೇಡಿ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರ ಇದ್ದರೆ ಮೊದಲ ಬಾರಿಯೇ 10,000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ.

ಯಾವ ತಪ್ಪಿಗೆ ಏನು ಶಿಕ್ಷೆ?

2019ರ ಸೆಪ್ಟೆಂಬರ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಕೇಂದ್ರ ಕಾಯ್ದೆಯಲ್ಲಿರುವ ಶಿಕ್ಷೆ ಹೀಗಿದೆ. ಸ್ಥಳದಲ್ಲೇ ಕಟ್ಟುವ ದಂಡದ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಬಹುದು.

* ಹೆಲ್ಮೆಟ್ ಇಲ್ಲದಿದ್ದರೆ: 1,000 ರೂ. ದಂಡ, ಮೂರು ತಿಂಗಳು ಲೈಸೆನ್ಸ್ ಅನರ್ಹತೆ
* ಬೈಕ್‌ನಲ್ಲಿ ಮೂವರು: 1,000 ರೂ. ದಂಡ, ಮೂರು ತಿಂಗಳು ಲೈಸೆನ್ಸ್ ಅನರ್ಹತೆ
* ಸೀಟ್ ಬೆಲ್ಟ್ ಇಲ್ಲದಿದ್ದರೆ: 1,000 ರೂ. ದಂಡ
* ಚಾಲನೆ ವೇಳೆ ಕೈಯಲ್ಲಿ ಮೊಬೈಲ್ ಬಳಕೆ, ಸಿಗ್ನಲ್ ಜಂಪ್, ರಾಂಗ್ ಸೈಡ್‌ನಂತಹ ಅಪಾಯಕಾರಿ ಚಾಲನೆ: 1,000ದಿಂದ 5,000 ರೂ. ದಂಡ, ಜೈಲಿಗೂ ಅವಕಾಶ
* ಲೈಸೆನ್ಸ್ ಇಲ್ಲದೆ ಚಾಲನೆ: 5,000 ರೂ.
* ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ: 10,000 ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ
* ಅಪ್ರಾಪ್ತರಿಗೆ ವಾಹನ ಕೊಟ್ಟು ಅವರಿಂದ ಅಪರಾಧವಾದರೆ: ಪೋಷಕರು ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂ. ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಆ ಮಗುವಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ

ಡೆಲಿವರಿ ಕೆಲಸ ಮಾಡುವವರಿಗೆ, ಟ್ಯಾಕ್ಸಿ ಓಡಿಸುವವರಿಗೆ ದಂಡಕ್ಕಿಂತ ದೊಡ್ಡ ಹೊಡೆತ ಲೈಸೆನ್ಸ್ ಅಮಾನತು. ಮೂರು ತಿಂಗಳು ಲೈಸೆನ್ಸ್ ಇಲ್ಲ ಎಂದರೆ ಮೂರು ತಿಂಗಳ ದುಡಿಮೆ ಇಲ್ಲ. ಗ್ರಾಂಟ್ ರೋಡ್ ಭಾಗದ ಎಂಎಚ್-01 ವಾಹನಗಳ ನೋಂದಣಿ, ಲೈಸೆನ್ಸ್ ವ್ಯವಹಾರ ನೋಡುವುದು ಸಮೀಪದ ತಾಡದೇವ್ ಆರ್‌ಟಿಒ.

ಅಪಘಾತ ಕಂಡರೆ ಏನು ಮಾಡಬೇಕು?

‘ಸಹಾಯಕ್ಕೆ ಹೋದರೆ ಪೊಲೀಸ್, ಕೋರ್ಟ್ ಅಂತ ಅಲೆಯಬೇಕು’ ಎಂಬ ಭಯದಿಂದ ಹಲವರು ನೋಡಿಯೂ ಮುಂದೆ ಹೋಗುತ್ತಾರೆ. ಆ ಭಯ ಬೇಡ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134ಎ ಸಹಾಯಕ್ಕೆ ಬಂದವರಿಗೆ ರಕ್ಷಣೆ ನೀಡಿದೆ. ಒಳ್ಳೆಯ ಉದ್ದೇಶದಿಂದ ನೆರವಾದವರ ಮೇಲೆ ಗಾಯಾಳುವಿಗೆ ಆದ ತೊಂದರೆಗಾಗಿ ಪ್ರಕರಣ ಹಾಕುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ.

* ಮೊದಲು ನಿಮ್ಮ ಸುರಕ್ಷತೆ ನೋಡಿಕೊಳ್ಳಿ. ನಿಮ್ಮ ವಾಹನವನ್ನು ಬದಿಗೆ ನಿಲ್ಲಿಸಿ ಇಂಡಿಕೇಟರ್ ಹಾಕಿ, ಹಿಂದಿನಿಂದ ಬರುವವರನ್ನು ಎಚ್ಚರಿಸಿ.
* 112 ಅಥವಾ ಆಂಬುಲೆನ್ಸ್‌ಗೆ 108 ಸಂಖ್ಯೆಗೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033. ಹತ್ತಿರದ ಚೌಕ್, ಸೇತುವೆ ಅಥವಾ ಅಂಗಡಿಯ ಹೆಸರು ಹೇಳಿ.
* ರಕ್ತ ಸೋರುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ.
* ಗಾಯಾಳು ಉಸಿರಾಡುತ್ತಿದ್ದರೆ ಹೆಲ್ಮೆಟ್ ಎಳೆದು ತೆಗೆಯಬೇಡಿ. ಕುತ್ತಿಗೆಗೆ ಪೆಟ್ಟಾಗಿದ್ದರೆ ಅಪಾಯ ಹೆಚ್ಚುತ್ತದೆ. ಮುಖಗವಚ ಮಾತ್ರ ಮೇಲೆತ್ತಿ.
* ನೀರು ಕುಡಿಸಬೇಡಿ. ಕೈಕಾಲು ಹಿಡಿದು ಎತ್ತಿ ಟ್ಯಾಕ್ಸಿಗೆ ತುರುಕಬೇಡಿ.

ಗ್ರಾಂಟ್ ರೋಡ್‌ಗೆ ಹತ್ತಿರದ ದೊಡ್ಡ ಸಾರ್ವಜನಿಕ ಆಸ್ಪತ್ರೆಗಳೆಂದರೆ ಮುಂಬೈ ಸೆಂಟ್ರಲ್‌ನ ನಾಯರ್ ಆಸ್ಪತ್ರೆ ಮತ್ತು ಭಾಯಖಳಾದ ಜೆ.ಜೆ. ಆಸ್ಪತ್ರೆ. ಹಣದ ಚಿಂತೆಗೂ ಈಗ ಒಂದು ಮಟ್ಟಿನ ಪರಿಹಾರವಿದೆ. 2025ರ ಮೇ 5ರಂದು ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುವಿಗೆ ಯೋಜನೆಗೆ ಒಳಪಟ್ಟ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ 1.5 ಲಕ್ಷ ರೂ.ವರೆಗಿನ ಚಿಕಿತ್ಸೆ ಸಿಗುತ್ತದೆ.

ಹೊರಡುವ ಮುನ್ನ ಒಂದು ನಿಮಿಷ

ಕೀ ತಿರುಗಿಸುವ ಮುನ್ನ ಇಷ್ಟನ್ನು ನೋಡಿಕೊಳ್ಳಿ:

* ಇಬ್ಬರಿಗೂ ಹೆಲ್ಮೆಟ್ ಇದೆಯೇ? ಪಟ್ಟಿ ಹಾಕಿದೆಯೇ?
* ಕಾರಿನಲ್ಲಿ ಎಲ್ಲರ ಬೆಲ್ಟ್ ಹಾಕಿದೆಯೇ? ಬೆಲ್ಟ್ ಹಾಕದೆ ಕಾರು ಹೊರಡುವುದಿಲ್ಲ ಎಂದು ಹೇಳುವ ಅಧಿಕಾರ ಚಾಲಕರಿಗಿದೆ.
* ಹೋಗಬೇಕಾದ ಜಾಗವನ್ನು ಮ್ಯಾಪ್‌ನಲ್ಲಿ ಈಗಲೇ ಹಾಕಿದ್ದೀರಾ? ದಾರಿಯಲ್ಲಿ ಫೋನ್ ಮುಟ್ಟುವ ಅಗತ್ಯ ಬರದಿರಲಿ.
* ಬ್ರೇಕ್, ಹೆಡ್‌ಲೈಟ್, ಹಿಂದಿನ ಕೆಂಪು ದೀಪ, ಇಂಡಿಕೇಟರ್ ಸರಿ ಇವೆಯೇ?
* ಬೈಕ್‌ನ ಎರಡೂ ಕನ್ನಡಿ ಇವೆಯೇ, ಹಿಂದಿನ ರಸ್ತೆ ಕಾಣುವಂತಿವೆಯೇ?
* ಸೈಡ್ ಸ್ಟ್ಯಾಂಡ್ ತೆಗೆದಿದ್ದೀರಾ?

ಇಷ್ಟೆಲ್ಲ ನೋಡಲು ಒಂದು ನಿಮಿಷ ಸಾಕು. ಇಂದು ಸಂಜೆ ತರಕಾರಿಗೋ, ಮಾತ್ರೆಗೋ ಮನೆಯಿಂದ ಯಾರಾದರೂ ಬೈಕ್ ತೆಗೆದು ಹೊರಟರೆ, ಎರಡನೇ ಹೆಲ್ಮೆಟನ್ನೂ ಅವರ ಕೈಗೆ ಕೊಟ್ಟು ಕಳುಹಿಸಿ. ದಾರಿಯಲ್ಲಿ ಯಾರನ್ನಾದರೂ ಹತ್ತಿಸಿಕೊಳ್ಳಬೇಕಾದರೆ ಬೇಕಾಗುತ್ತದೆ.